ಜೀವಕೋಶದ ಕದ ತಟ್ಟುವವರು

ನಿಮ್ಮ ಮನೆಯ ಕದವನ್ನು ಯಾರೋ ತಟ್ಟುತ್ತಾರೆ. ತಟ್ಟಿದವರು ಇನ್ನೂ ಹೊಸ್ತಿಲು ದಾಟಿರುವುದಿಲ್ಲ. ಆದರೂ ಒಳಗೆ ಮಲಗಿದ್ದವರು ಏಳುತ್ತಾರೆ. ಒಬ್ಬರು ಇನ್ನೊಬ್ಬರನ್ನು ಕೂಗುತ್ತಾರೆ. ಸುದ್ದಿ ಅಡಿಗೆಮನೆಗೆ ಮುಟ್ಟಿ ಒಲೆಯ ಮೇಲೆ ಕಾಫಿಯ ನೀರು ಏರುತ್ತದೆ. ನಮ್ಮ ಮೈಯ ಜೀವಕೋಶಗಳಲ್ಲಿಯೂ ಹೆಚ್ಚುಕಡಮೆ ಇದೇ ವ್ಯವಹಾರ ನಡೆಯುತ್ತದೆ.

ಕತ್ತಲೆಯಲ್ಲಿ ನಿಮ್ಮ ಕಾಲಿನ ಬಳಿ ಹಾವು ಹರಿದಂತಾಯಿತೆನ್ನಿ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಅದು ಯಕೃತ್ತಿನ ಕೋಶಗಳಿಗೆ ಸೋಕಿದೊಡನೆಯೇ ಅಲ್ಲಿ ಕೂಡಿಟ್ಟಿದ್ದ ಗ್ಲೈಕೋಜನ್ ಒಡೆದು ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತದೆ. ಓಡುವುದಕ್ಕೆ ಬೇಕಾದ ಉರುವಲು ಅದು. ಆದರೆ ವಿಚಿತ್ರವೇನೆಂದರೆ, ಈ ಕೆಲಸಕ್ಕಾಗಿ ಅಡ್ರಿನಲಿನ್ ಕೋಶದ ಒಳಗೆ ಕಾಲಿಡಬೇಕಾಗಿಯೇ ಇಲ್ಲ. ಹಾಗಾದರೆ ಒಳಗಿನ ಉಗ್ರಾಣಕ್ಕೆ ಅಪ್ಪಣೆ ತಲುಪಿಸಿದವರು ಯಾರು?

1950ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಅರ್ಲ್ ಸದರ್‌ಲೆಂಡರು ಇದನ್ನು ಬಿಡಿಸಿದ ಬಗೆ ಸೊಗಸಾದುದು. ಅವರೂ ಅವರ ಜತೆಗಾರರೂ ಯಕೃತ್ತಿನ ಕೋಶಗಳನ್ನು ಅರೆದು, ಪೊರೆಯ ಚೂರುಗಳನ್ನೂ ತಿಳಿಯಾದ ರಸವನ್ನೂ ಬೇರ್ಪಡಿಸಿದರು. ಬರಿಯ ರಸಕ್ಕೆ ಅಡ್ರಿನಲಿನ್ ಹಾಕಿದರೆ ಏನೂ ಆಗಲಿಲ್ಲ. ಪೊರೆಯ ಚೂರುಗಳಿಗೆ ಅಡ್ರಿನಲಿನ್ ಹಾಕಿ, ಅಲ್ಲಿ ಹುಟ್ಟಿದುದನ್ನು ಚೆನ್ನಾಗಿ ಕಾಯಿಸಿ, ಅನಂತರ ರಸಕ್ಕೆ ಸೇರಿಸಿದಾಗ ರಸ ಎಚ್ಚೆತ್ತಿತು! ಕಾಯಿಸಿದರೂ ಕೆಡದ ಆ ಪುಟ್ಟ ವಸ್ತುವೇ ಒಳಮನೆಯ ದೂತ. ಸೈಕ್ಲಿಕ್ ಎ.ಎಂ.ಪಿ. ಎಂಬ ಒರಟು ಹೆಸರು ಅದಕ್ಕೆ. ಸದರ್‌ಲೆಂಡರಿಗೆ 1971ರಲ್ಲಿ ನೊಬೆಲ್ ಬಹುಮಾನ ಬಂದಿತು.

ಪೊರೆಯಲ್ಲಿ ಏನು ನಡೆಯಿತೆಂಬುದು ಆಮೇಲೆ ತಿಳಿಯಿತು. ಪೊರೆಯ ಹೊರಮೈಯಲ್ಲಿ ಅಡ್ರಿನಲಿನ್ನಿಗೆ ತಕ್ಕ ಬೀಗದಂಥ ಒಂದು ಪ್ರೋಟೀನು ಇದೆ. ಕೀಲಿಕೈ ಕೂಡಿದೊಡನೆ ಅದು ತುಸು ಹೊರಳಿ, ಒಳಮೈಗೆ ಅಂಟಿಕೊಂಡಿರುವ ಜಿ-ಪ್ರೋಟೀನು ಎಂಬುದನ್ನು ಎಬ್ಬಿಸುತ್ತದೆ. ಅದು ಹೋಗಿ ದೂತರನ್ನು ತಯಾರಿಸುವ ಕಿಣ್ವವನ್ನು ಎಬ್ಬಿಸುತ್ತದೆ. ಒಂದೇ ಕಿಣ್ವ ಸಾಲುಸಾಲಾಗಿ ದೂತರನ್ನು ಹೊರಡಿಸುವುದರಿಂದ ಹೊರಗಿನ ಪಿಸುಮಾತು ಒಳಗೆ ಡಂಗುರವಾಗುತ್ತದೆ. ಈ ಜಿ-ಪ್ರೋಟೀನುಗಳನ್ನು ಕಂಡುಹಿಡಿದ ಗಿಲ್‌ಮನ್ ಮತ್ತು ರಾಡ್‌ಬೆಲ್ ಅವರಿಗೆ 1994ರ ನೊಬೆಲ್ ಸಂದಿತು.

(ಬೀಗವಿದ್ದಲ್ಲಿ ಕಳ್ಳಕೀಲಿಯೂ ಇರುತ್ತದೆ. ಎಚ್ಚರವಾಗಿದ್ದಷ್ಟೂ ಮಿದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಕೂಡಿಬಂದು 'ಸಾಕು, ಮಲಗು' ಎನ್ನುತ್ತದೆ. ನೀವು ಕುಡಿದ ಕಾಫಿಯ ಕೆಫೀನು ಹೋಗಿ ಆ ಬೀಗಗಳಲ್ಲಿ ತುರುಕಿಕೊಳ್ಳುತ್ತದೆ; ಬಾಗಿಲು ತೆರೆಯುವುದಿಲ್ಲ, ತೆರೆಯಬೇಕಾದವನಿಗೂ ಎಡೆಗೊಡುವುದಿಲ್ಲ. ನಿದ್ದೆ ದೂರವಾಗುವುದು ಹೀಗೆ.)

ಸುದ್ದಿ ಮುಟ್ಟಿಸುವುದು ಎಷ್ಟು ಮುಖ್ಯವೋ ಅದನ್ನು ನಿಲ್ಲಿಸುವುದೂ ಅಷ್ಟೇ ಮುಖ್ಯ. ಜಿ-ಪ್ರೋಟೀನು ಎಚ್ಚರವಾಗಿರುವುದು ತನ್ನಲ್ಲಿ ಹಿಡಿದುಕೊಂಡ ಜಿ.ಟಿ.ಪಿ. ಎಂಬ ಅಣುವಿನ ಬಲದಿಂದ. ಅದನ್ನು ತಾನೇ ಸ್ವಲ್ಪ ಹೊತ್ತಿನಲ್ಲಿ ಮುರಿದುಹಾಕಿ ಮತ್ತೆ ಮಲಗುತ್ತದೆ. ಮಲಗದಿದ್ದರೆ ಏನಾದೀತು? ಅದಕ್ಕೆ ಉತ್ತರವನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಅವರು ಅದನ್ನು ವಾಂತಿಭೇದಿ ಎಂದು ಕರೆದರು. ವೈದ್ಯರು ಕಾಲರಾ ಎನ್ನುತ್ತಾರೆ.

ಕಾಲರಾ ಕ್ರಿಮಿ ಕರುಳನ್ನು ಕೊರೆದು ಒಳನುಗ್ಗುವುದಿಲ್ಲ. ಕರುಳಿನ ಗೋಡೆಗೆ ಅಂಟಿಕೊಂಡು ಒಂದು ವಿಷವನ್ನು ಉಗುಳುತ್ತದೆ. ಇದನ್ನು ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ದೇ. ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡು ಕಡೆ ದಾರದಿಂದ ಕಟ್ಟಿ, ನಡುವೆ ಕ್ರಿಮಿಗಳನ್ನು ಬಿಟ್ಟರೆ ಅದು ನೀರು ತುಂಬಿ ಊದಿಕೊಳ್ಳುತ್ತದೆಂದು ಅವರು 1953ರಲ್ಲಿ ವರದಿ ಮಾಡಿದರು. 1959ರಲ್ಲಿ, ಕ್ರಿಮಿಗಳನ್ನು ಪೂರ್ತಿ ಸೋಸಿ ತೆಗೆದ ದ್ರವವೂ ಅದೇ ಕೆಲಸ ಮಾಡುತ್ತದೆಂದು ತೋರಿಸಿದರು. 1884ರಲ್ಲಿ ರಾಬರ್ಟ್ ಕಾಕ್ ಇಂಥದೊಂದು ವಿಷವಿರಬೇಕೆಂದು ಊಹಿಸಿ 75 ವರ್ಷ ಕಳೆದಿದ್ದುವು. ದೇ ಅವರಿಗೆ ಸಲ್ಲಬೇಕಾದಷ್ಟು ಮನ್ನಣೆ ಸಲ್ಲಲಿಲ್ಲವೆಂಬುದು ನನ್ನ ಅಭಿಪ್ರಾಯ.

ಆ ವಿಷದ ಒಂದು ತುಣುಕು ಕೋಶದೊಳಗೆ ಸೇರಿ ಜಿ-ಪ್ರೋಟೀನನ್ನು ಹಿಡಿದು ಅದಕ್ಕೊಂದು ರಾಸಾಯನಿಕ ಬೆಣೆ ಬಡಿಯುತ್ತದೆ. ಮಲಗುವ ಶಕ್ತಿಯೇ ಹೋಗುತ್ತದೆ. ಹೊರಗೆ ಯಾರೂ ಇಲ್ಲ, ಆದರೂ ಕರೆಗಂಟೆ ಬಡಿಯುತ್ತಲೇ ಇದೆ! ದೂತರು ತುಂಬಿ ತುಳುಕುತ್ತಾರೆ. ಅವರ ಮಾತಿನಂತೆ ಕೋಶ ತನ್ನ ಕ್ಲೋರೈಡನ್ನು ಕರುಳಿನೊಳಕ್ಕೆ ಸುರಿಯುತ್ತದೆ. ಅದರ ಹಿಂದೆ ಸೋಡಿಯಂ, ಅವೆರಡರ ಹಿಂದೆ ನೀರು. ರೋಗ ಉಗ್ರವಾದಾಗ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗುವುದುಂಟು. ಕಣ್ಣು ಗುಳಿಬಿದ್ದು, ನಾಡಿ ಅಡಗಿ, ಬೆಳಗ್ಗೆ ಗಟ್ಟಿಯಾಗಿದ್ದವನು ಸಂಜೆಗೆ ಇಲ್ಲವಾಗುತ್ತಾನೆ.

ಆದರೆ ಕೋಶ ಸತ್ತಿರುವುದಿಲ್ಲ. ಅದಕ್ಕೆ ಇನ್ನೊಂದು ಬಾಗಿಲು ಇದೆ: ಸೋಡಿಯಮ್ಮೂ ಗ್ಲೂಕೋಸೂ ಕೈಕೈ ಹಿಡಿದು ಬಂದರೆ ಮಾತ್ರ ಒಳಗೆ ಬಿಡುವ ಬಾಗಿಲು. ವಿಷಕ್ಕೆ ಅದರ ಗೊಡವೆಯಿಲ್ಲ. ಬರಿಯ ನೀರನ್ನು ಕುಡಿಸಿದರೆ ಮೈಗೆ ಹತ್ತುವುದಿಲ್ಲ. ಉಪ್ಪೂ ಸಕ್ಕರೆಯೂ ಕೂಡಿದ ನೀರು ಹತ್ತುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರ ನಡುವೆ, ಬಂಗಾಳದ ಬನಗಾಂವ್‌ನಲ್ಲಿ, ಕಾಲರಾ ಹಬ್ಬಿತು. ಅಲ್ಲಿ ನರಕ್ಕೆ ಹಾಕುವ ಸಲೈನು ತೀರುತ್ತಿತ್ತು. ಡಾ. ದಿಲೀಪ್ ಮಹಲನಬೀಸ್ ಅವರು ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡದ ಮಿಶ್ರಣವನ್ನು ಕಲಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು.

ಇಂದು ಅಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣ ಇದರ ಸುಧಾರಿಸಿದ ರೂಪ. ಪೊಟ್ಟಣ ಸಿಗದಿದ್ದರೆ ಒಂದು ಲೀಟರು ಶುದ್ಧವಾದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ರುಚಿಯಾಗಲೆಂದು ಸಕ್ಕರೆಯನ್ನು ಹೆಚ್ಚಿಸಬೇಡಿ. ಅದು ನೀರನ್ನು ಕರುಳಿನ ಕಡೆಗೇ ಎಳೆಯುತ್ತದೆ. ವಾಂತಿಯಾದರೆ ಹತ್ತು ನಿಮಿಷ ತಾಳಿ, ಗುಟುಕು ಗುಟುಕಾಗಿ ಮತ್ತೆ ಕುಡಿಸಿ. ರೋಗಿ ಮಂಕಾದರೆ, ಕುಡಿಯಲಾರದಾದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಬೆಣೆ ಬಡಿಸಿಕೊಂಡ ಕೋಶಗಳು ಕೆಲವು ದಿನಗಳಲ್ಲಿ ತಾವಾಗಿ ಉದುರಿ, ಅವುಗಳ ಎಡೆಯಲ್ಲಿ ಹೊಸವು ಬರುತ್ತವೆ. ಅಲ್ಲಿಯವರೆಗೆ ಲೋಟ ಕೆಳಗಿಡಬಾರದು.