ಮಾತೃಮೂಲ, ರಾಣಿಯ ಆಳ್ವಿಕೆ, ದೇವೀಪೂಜೆ: ನಗಿರೆ–ಹಾಡುವಳ್ಳಿ ಸೀಮೆಯ ನಿದರ್ಶನ

ಆದಿಯಲ್ಲಿ ಮಾನವಸಮಾಜವು ತಾಯಿಯ ಅಧಿಕಾರಕ್ಕೆ ಒಳಪಟ್ಟಿತ್ತೆಂದೂ, ಆಗ ಜನರು ಪೂಜಿಸುತ್ತಿದ್ದುದು ದೇವಿಯನ್ನೇ ಎಂದೂ, ಆಕೆಯ ಹೆಸರಿನಲ್ಲಿ ಧರ್ಮವನ್ನೂ ರಾಜ್ಯವನ್ನೂ ನಡೆಸುತ್ತಿದ್ದವರು ಸ್ತ್ರೀಯರೆಂದೂ, ಆ ವ್ಯವಸ್ಥೆಯನ್ನು ಮರಳಿ ಸ್ಥಾಪಿಸಬೇಕೆಂದೂ ವಾದಿಸುವ ಕೆಲವು ಸಣ್ಣ ಪಂಥಗಳು ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿಕೊಂಡಿವೆ. ಕ್ರೈಸ್ತಧರ್ಮಕ್ಕೆ ಹಿಂದಿನ ದೇವತಾರಾಧನೆಯನ್ನು ಪುನರುಜ್ಜೀವನಗೊಳಿಸಬಯಸುವ ಇಂಥ ಪಂಥಗಳಿಗೆ ನವಪೇಗನ್ ಪಂಥಗಳೆಂದು ಹೆಸರು. ಇವುಗಳ ಅನುಯಾಯಿಗಳ ಸಂಖ್ಯೆ ಅಲ್ಪವಾದರೂ ಇವು ಎತ್ತಿದ ಪ್ರಶ್ನೆ ಅಲ್ಪವಾದುದಲ್ಲ. ತಾಯಿಯ ಕಡೆಯಿಂದ ವಂಶವನ್ನೆಣಿಸುವ ಪದ್ಧತಿ, ಸ್ತ್ರೀಯ ರಾಜ್ಯಭಾರ, ದೇವಿಯ ಪೂಜೆ ಈ ಮೂರೂ ಒಂದೇ ಮೂಲದಿಂದ ಹೊರಟವೇ? ಮೂರನ್ನೂ ಕಂಡಿರುವ ಕನ್ನಡ ಕರಾವಳಿಯ ಇತಿಹಾಸದಿಂದ ಈ ಪ್ರಶ್ನೆಗೆ ಯಾವ ಉತ್ತರ ದೊರೆಯುತ್ತದೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಈ ಸಿದ್ಧಾಂತದ ಪೂರ್ವೋತ್ತರವನ್ನು ಸಂಕ್ಷೇಪವಾಗಿ ನೋಡಬಹುದು. ಸ್ವಿಟ್ಸರ್ಲೆಂಡಿನ ನ್ಯಾಯಶಾಸ್ತ್ರಜ್ಞ ಬಾಖೋಫೆನನು 1861ರಲ್ಲಿ ಪ್ರಕಟಿಸಿದ ‘ಮಾತೃಹಕ್ಕು’ ಎಂಬರ್ಥದ ಜರ್ಮನ್ ಗ್ರಂಥದಲ್ಲಿ, ಗ್ರೀಕ್ ಪುರಾಣಗಳ ಆಧಾರದಿಂದ, ಪಿತೃಪ್ರಾಧಾನ್ಯಕ್ಕೆ ಮುನ್ನ ಮಾತೃಪ್ರಾಧಾನ್ಯದ ಯುಗವೊಂದಿತ್ತೆಂದು ಊಹಿಸಿದನು. 1865ರಲ್ಲಿ ಮೆಕ್ಲೆನನ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸನು ವಿವಾಹಪದ್ಧತಿಗಳ ಮೇಲೆ ಬರೆದ ಗ್ರಂಥದಲ್ಲಿ ಮಲಬಾರಿನ ನಾಯರರ ಆಚಾರವನ್ನು ಇಂಥ ಊಹೆಗಳಿಗೆ ಬೆಂಬಲವಾಗಿ ಎತ್ತಿಕೊಂಡನು. ಹೀಗೆ ನಮ್ಮ ಪಶ್ಚಿಮ ಕರಾವಳಿಯು ಪ್ರಾರಂಭದಿಂದಲೂ ಈ ಚರ್ಚೆಯೊಳಗೆ ಸೇರಿಕೊಂಡಿದೆ. ಒಂದು ಶತಮಾನದ ಅನಂತರ ಊಹೆಯು ಶ್ರದ್ಧೆಯಾಗಿ ಮಾರ್ಪಟ್ಟಿತು. 1971ರಲ್ಲಿ ಜುಜಾನಾ ಬುಡಪೆಸ್ಟ್ ಎಂಬಾಕೆ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಸ್ತ್ರೀಯರಿಗಷ್ಟೇ ಪ್ರವೇಶವಿದ್ದ ದೇವೀಪೂಜಕ ಮಂಡಲಿಯೊಂದನ್ನು ಸ್ಥಾಪಿಸಿದಳು. ಅದೇ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡ ‘ಲಕ್ಸ್ ಮದ್ರಿಯಾನ’ ಎಂಬ ಪಂಥವು ಮಾತೆಯನ್ನೂ ಆಕೆಯ ಪುತ್ರಿಯನ್ನೂ ದೈವವೆಂದು ಪೂಜಿಸಿ, ಪೌರೋಹಿತ್ಯ ಹಾಗೂ ಅಧಿಕಾರಗಳೆರಡೂ ಸ್ತ್ರೀಗೇ ಸಲ್ಲತಕ್ಕವೆಂದು ಬೋಧಿಸಿತು. ಅದರ ಪರಂಪರೆಗೆ ಸೇರಿದ ಕೆಲವು ಸ್ತ್ರೀಯರು 1980ರ ದಶಕದಲ್ಲಿ ಐರ್ಲೆಂಡಿನ ಬರ್ಟನ್‌ಪೋರ್ಟ್ ಎಂಬ ಕಡಲತಡಿಯ ಊರಿನಲ್ಲಿ ಒಂದೇ ಮನೆಯವರಾಗಿ ಬಾಳಿದರು. ಇತ್ತ ವಿದ್ವಲ್ಲೋಕದಲ್ಲಿ ಈ ಆದಿಯುಗದ ಕಲ್ಪನೆಗೆ ಮನ್ನಣೆ ಕುಗ್ಗುತ್ತ ಬಂದಿತು. ಸಿಂಥಿಯಾ ಎಲ್ಲರ್ ಎಂಬ ವಿದುಷಿಯು 2000ದಲ್ಲಿ ಇದನ್ನು ಪುರಾಣವೆಂದೇ ಕರೆದು ಗ್ರಂಥರಚನೆ ಮಾಡಿದಳು.

ಇನ್ನು ನಮ್ಮ ಸೀಮೆಯತ್ತ ತಿರುಗಬಹುದು. ಈಗಿನ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಬಹುಭಾಗವು ಹದಿನೈದು ಹದಿನಾರನೆಯ ಶತಮಾನಗಳಲ್ಲಿ ವಿಜಯನಗರದ ಅಧೀನರಾಗಿದ್ದ ಸಾಳುವ ಮನೆತನಗಳ ಆಳ್ವಿಕೆಯಲ್ಲಿತ್ತು. ಇವರು ಜೈನರು. ಘಟ್ಟದ ಬುಡದ ಹಾಡುವಳ್ಳಿ ಒಂದು ರಾಜಧಾನಿ. ಸಂಸ್ಕೃತದಲ್ಲಿ ಇದಕ್ಕೆ ಸಂಗೀತಪುರವೆಂದು ಹೆಸರು. ಶರಾವತಿಯ ದಡದ ಗೇರುಸೊಪ್ಪೆ ಇನ್ನೊಂದು. ಇದೇ ನಗಿರೆ ರಾಜ್ಯದ ಕೇಂದ್ರವಾದ ಕ್ಷೇಮಪುರ. ಭಟ್ಕಳವು ಈ ಸೀಮೆಯ ದೊಡ್ಡ ರೇವು. ರೇವಿಗೆ ಹೊಂದಿಕೊಂಡ ಮುಟ್ಟಳ್ಳಿಯಂಥ ಹಳ್ಳಿಗಳೂ ಘಟ್ಟದ ಮೇಲಿನಿಂದ ಮೆಣಸನ್ನಿಳಿಸುತ್ತಿದ್ದ ದಾರಿಗಳೂ ಒಂದೇ ವ್ಯಾಪಾರದ ಅಂಗಗಳು.

ಈ ಸೀಮೆಯನ್ನು ರಾಣಿಯರು ಆಳಿದರೆಂಬುದು ನಿರ್ವಿವಾದ. 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಂ ಅಫೋನ್ಸೊ ದ ಸೋಜನು ಭಟ್ಕಳವನ್ನು ಸುಲಿದಾಗ ಅಲ್ಲಿ ಆಳುತ್ತಿದ್ದವಳು ರಾಣಿ. 1552ರಿಂದ 1606ರವರೆಗೆ ಗೇರುಸೊಪ್ಪೆಯಿಂದ ಆಳಿದಳೆಂದು ಹೇಳಲಾಗುವ ಚೆನ್ನಭೈರಾದೇವಿಯು ಇವರಲ್ಲಿ ಅತ್ಯಂತ ಪ್ರಸಿದ್ಧಳು. 1569ರಲ್ಲಿ ಪೋರ್ಚುಗೀಸರು ಹೊನ್ನಾವರವನ್ನು ಹಿಡಿದರೂ ಆಕೆಯ ರಾಜ್ಯ ಅಳಿಯಲಿಲ್ಲ. ಅದನ್ನು ಕೊನೆಗಾಣಿಸಿದವನು ಇಕ್ಕೇರಿಯ ವೆಂಕಟಪ್ಪನಾಯಕ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಹೋಗುತ್ತ ಗೇರುಸೊಪ್ಪೆಯಲ್ಲಿ ತಂಗಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆಯು, ಇಲ್ಲಿನ ರಾಣಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆಯುತ್ತಿದ್ದರೆಂದೂ, ಅರಮನೆ ಪಾಳುಬಿದ್ದು ಅದರ ಮೇಲೆ ಮರಗಳು ಬೆಳೆದಿದ್ದವೆಂದೂ ಬರೆದಿದ್ದಾನೆ. ಅದೇ ವರ್ಷ ತುಳುನಾಡಿನಲ್ಲಿ ಆತನು ಉಳ್ಳಾಲದ ರಾಣಿಯನ್ನೂ ಕಂಡನು. ಆಕೆ ಬರಿಗಾಲಿನಲ್ಲಿ ನಿಂತು ನೀರಿನ ಕಾಲುವೆ ತೋಡುವ ಕೆಲಸವನ್ನು ಮಾಡಿಸುತ್ತಿದ್ದಳಂತೆ.

ಈ ರಾಣಿಯರಿಗೆ ಅಧಿಕಾರ ಬಂದುದು ಹೇಗೆ? ನಗಿರೆ ಮತ್ತು ಹಾಡುವಳ್ಳಿಯ ಮನೆತನಗಳಲ್ಲಿಯೂ ಉಳ್ಳಾಲದ ಚೌಟರಲ್ಲಿಯೂ ಅಳಿಯಸಂತಾನ ಕಟ್ಟು ಇದ್ದಿತು. ಈ ಕಟ್ಟಿನಂತೆ ಆಸ್ತಿಯಾಗಲಿ ಪಟ್ಟವಾಗಲಿ ಮಗನಿಗೆ ಹೋಗದೆ ಸೋದರಿಯ ಸಂತತಿಗೆ ಹೋಗುವುದು. ಆದುದರಿಂದ ಸಾಮಾನ್ಯವಾಗಿ ಸೋದರಮಾವನ ಅನಂತರ ಸೋದರಳಿಯನೇ ಪಟ್ಟವೇರುತ್ತಿದ್ದನು. ವಂಶ ಸಾಗುತ್ತಿದ್ದುದು ಸ್ತ್ರೀಯ ಮೂಲಕ. ಆಳುತ್ತಿದ್ದವನು ಹೆಚ್ಚಾಗಿ ಪುರುಷನೇ. ಆದರೆ ದಕ್ಷಿಣ ಕನ್ನಡದ ಅಳಿಯಸಂತಾನ ನ್ಯಾಯದಲ್ಲಿ ಕುಟುಂಬದ ಹಿರಿಯರು ಗಂಡಸಾಗಲಿ ಹೆಂಗಸಾಗಲಿ ಯಜಮಾನಿಕೆಗೆ ಅರ್ಹರಾಗಿದ್ದರೆಂಬುದು ಗಮನಾರ್ಹ. ಯಜಮಾನನಿದ್ದಂತೆ ಯಜಮಾನ್ತಿಯೂ ಇರಬಹುದಾಗಿತ್ತು. ರಾಜಮನೆತನದಲ್ಲಿಯೂ ಇದೇ ನ್ಯಾಯ ನಡೆದಿದ್ದರೆ, ರಾಣಿಯು ಪಟ್ಟವೇರಿದುದು ಹಿರಿತನದ ಹಕ್ಕಿನಿಂದಲೇ ಹೊರತು ಸ್ತ್ರೀಯೇ ಆಳಬೇಕೆಂಬ ಯಾವ ತತ್ತ್ವದಿಂದಲೂ ಅಲ್ಲ.

ಸ್ತ್ರೀಯ ಆಳ್ವಿಕೆಗೆ ಮಾತೃಮೂಲದ ಕಟ್ಟು ಅವಶ್ಯವೂ ಅಲ್ಲ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, 911ರ ಸುಮಾರಿಗೆ, ಬನವಾಸಿನಾಡಿನ ನಾಗರಖಂಡದಲ್ಲಿ ನಾಳ್ಗಾವುಂಡನಾಗಿದ್ದ ಪತಿ ಮಡಿದ ಮೇಲೆ ಜಕ್ಕಿಯಬ್ಬೆ ಎಂಬ ಜೈನ ಸ್ತ್ರೀಯು ಅದೇ ಅಧಿಕಾರವನ್ನು ಪಡೆದು ಆಡಳಿತ ನಡೆಸಿದಳು. ಆಕೆಗೆ ಅಧಿಕಾರ ಬಂದುದು ಗಂಡನ ಕಡೆಯಿಂದ. ಇದಕ್ಕಿಂತ ಸಮೀಪದ ನಿದರ್ಶನವೂ ಇದೆ. ಗೇರುಸೊಪ್ಪೆಯನ್ನು ನುಂಗಿದ ಕೆಳದಿ–ಇಕ್ಕೇರಿ ಸಂಸ್ಥಾನವು ವೀರಶೈವರದು; ಅಲ್ಲಿ ಪಟ್ಟ ಸಾಗಿದುದು ಪುರುಷಸಂತತಿಯಲ್ಲಿ. ಆದರೂ ವೆಂಕಟಪ್ಪನಾಯಕನ ಕಾಲದ ಅನಂತರ ಅರ್ಧ ಶತಮಾನವೂ ಸಲ್ಲುವ ಮುನ್ನ, ಪತಿಯನ್ನು ಕಳೆದುಕೊಂಡ ಕೆಳದಿಯ ಚೆನ್ನಮ್ಮನು ಆ ಗದ್ದುಗೆಯನ್ನೇರಿ ಕಾಲು ಶತಮಾನ ರಾಜ್ಯವಾಳಿದಳು. ಒಂದೇ ಸೀಮೆಯಲ್ಲಿ, ಒಂದೇ ಶತಮಾನದ ಅಂತರದಲ್ಲಿ, ಪರಸ್ಪರ ವಿರುದ್ಧವಾದ ಎರಡು ವಂಶಕ್ರಮಗಳು ರಾಣಿಯರಿಗೆ ಎಡೆಗೊಟ್ಟವು.

ಧರ್ಮದ ವಿಷಯದಲ್ಲಿ ಈ ಭೇದವು ಮತ್ತೂ ಸ್ಫುಟವಾಗುತ್ತದೆ. ನಗಿರೆಯ ಅರಸುಮನೆ ಆರಾಧಿಸಿದುದು ಜಿನರನ್ನು. ಗೇರುಸೊಪ್ಪೆಯ ಚತುರ್ಮುಖ ಬಸದಿಯ ನಾಲ್ಕು ದಿಕ್ಕುಗಳಲ್ಲಿಯೂ ಕುಳಿತಿರುವವರು ಜಿನರೇ. ಗುರುಪೀಠಗಳಲ್ಲಿದ್ದವರು ಪುರುಷ ಯತಿಗಳು. 1604ರಲ್ಲಿ, ಅಂದರೆ ಚೆನ್ನಭೈರಾದೇವಿಯ ಕೊನೆಗಾಲದಲ್ಲಿ, ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕನು ಹಾಡುವಳ್ಳಿಯ ಗುರುಪರಂಪರೆಯವನು. ಅದಕ್ಕೂ ಮಿಗಿಲಾಗಿ, ಈ ಸೀಮೆಯಲ್ಲಿ ನೆಲೆಗೊಂಡ ದಿಗಂಬರ ಸಿದ್ಧಾಂತದಂತೆ ಸ್ತ್ರೀದೇಹದಲ್ಲಿ ಮೋಕ್ಷವಿಲ್ಲ. ಪುರುಷಜನ್ಮವನ್ನು ಪಡೆದೇ ಮುಕ್ತಿ ಸಾಧಿಸಬೇಕು. ಶ್ವೇತಾಂಬರರು ಇದನ್ನು ಒಪ್ಪುವುದಿಲ್ಲ. ಕನ್ನಡನಾಡಿನಲ್ಲಿಯೇ ಪ್ರಬಲರಾಗಿದ್ದ ಯಾಪನೀಯರೂ ಒಪ್ಪಲಿಲ್ಲ. ಅಮೋಘವರ್ಷನೃಪತುಂಗನ ಕಾಲದ ಯಾಪನೀಯ ವೈಯಾಕರಣ ಶಾಕಟಾಯನನು ಸ್ತ್ರೀಗೂ ನಿರ್ವಾಣವುಂಟೆಂದು ಸಾಧಿಸಲು ಪ್ರತ್ಯೇಕ ಪ್ರಕರಣವನ್ನೇ ಬರೆದನು. ಯಾಪನೀಯ ಸಂಘ ಕಾಲಕ್ರಮದಲ್ಲಿ ಲುಪ್ತವಾಯಿತು. ಹೀಗೆ ಅರ್ಧ ಶತಮಾನ ಕರಾವಳಿಯನ್ನು ಆಳಿದ ರಾಣಿಯು, ತನ್ನ ದೇಹವೇ ಮೋಕ್ಷಕ್ಕೆ ಅಡ್ಡಿಯೆಂದು ಹೇಳುವ ಸಿದ್ಧಾಂತದ ಪೋಷಕಳಾಗಿದ್ದಳು. ರಾಜ್ಯದಲ್ಲಿ ಪಡೆದ ಸ್ಥಾನವು ಧರ್ಮದಲ್ಲಿ ಸಮಾನಸ್ಥಾನವನ್ನು ತಂದುಕೊಡಲಿಲ್ಲ. ದಾನಿಯಾಗಿ ಆಕೆಗೆ ದೊಡ್ಡ ಗೌರವವಿತ್ತೆಂಬುದೂ ನಿಜವೇ. ಬಸದಿಯನ್ನು ಕಟ್ಟಿಸಿ, ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದ ಅತ್ತಿಮಬ್ಬೆಯ ಕಾಲದಿಂದಲೂ ಆ ಹಾದಿ ತೆರೆದಿತ್ತು. ಆದರೆ ದಾನ ಮಾಡುವ ಅಧಿಕಾರ ಬೇರೆ, ಧರ್ಮವನ್ನು ವಿಧಿಸುವ ಅಧಿಕಾರ ಬೇರೆ.

ದೇವೀಪೂಜೆಯಿದ್ದಲ್ಲಿ ಸ್ತ್ರೀಪ್ರಭುತ್ವವಿರುತ್ತದೆಂಬ ಮಾತೂ ನಿಲ್ಲುವುದಿಲ್ಲ. ಹೊಂಬುಜದ ಪದ್ಮಾವತಿಯು ಜೈನರಲ್ಲಿ ಮಹಾಮಹಿಮಳಾದ ಯಕ್ಷಿ. ಆದರೆ ಆಕೆ ಪಾರ್ಶ್ವನಾಥನ ಶಾಸನದೇವತೆ, ಅಲ್ಲಿನ ಪೀಠ ಭಟ್ಟಾರಕರದು. ಎರಡು ವರ್ಷಕ್ಕೊಮ್ಮೆ ಜಾತ್ರೆ ನಡೆಯುವ ಶಿರಸಿಯ ಮಾರಿಕಾಂಬೆಗೆ ಲಕ್ಷಾಂತರ ಜನರು ಹರಕೆ ಸಲ್ಲಿಸುತ್ತಾರೆ. ಅಲ್ಲಿ ಬಾಬುದಾರರ ಪರಂಪರಾಗತ ಹಕ್ಕುಗಳು ಪುರುಷರಿಂದಲೇ ನಡೆದುಬಂದಿವೆ. ದೇವಿಯು ಪೂಜ್ಯಳಾದ ಮಾತ್ರಕ್ಕೆ ಮನೆಯ ಹೆಣ್ಣಿಗೆ ಜಮೀನಿನ ಪಾಲು ದೊರೆತುದಿಲ್ಲ.

ಹಾಗಾದರೆ ಮೂರೂ ಕೂಡಿದ ಸ್ಥಳವೇ ಭಾರತದಲ್ಲಿಲ್ಲವೇ? ತೀರ ಸಮೀಪ ಬರುವುದು ಮೇಘಾಲಯದ ಖಾಸಿ ಜನರ ಖೈರಿಂ ಸಂಸ್ಥಾನ. ಖಾಸಿಗಳದು ಮಾತೃಮೂಲ. 1907ರಲ್ಲಿ ಪ್ರಕಟವಾದ ಗರ್ಡನ್ನನ ಗ್ರಂಥದ ಪ್ರಕಾರ ಅಲ್ಲಿ ಪ್ರಧಾನ ಪೂಜಾರಿಣಿಯೇ ರಾಜ್ಯದ ಮುಖ್ಯಳು. ಲೌಕಿಕ ಅಧಿಕಾರವನ್ನು ಆಕೆಯು ಮಗನಿಗೋ ಸೋದರಳಿಯನಿಗೋ ವಹಿಸಿಕೊಡುತ್ತಿದ್ದಳು, ಆತನೇ ಸಿಯೆಂ ಎನಿಸುತ್ತಿದ್ದನು. ಇಲ್ಲಿಯೂ ದಂಡಾಧಿಕಾರ ಪುರುಷನ ಕೈಸೇರಿದುದನ್ನು ಕಾಣಬಹುದು.

ಈ ವಿಚಾರವು ಕೇವಲ ಪ್ರಾಚೀನಕುತೂಹಲದ್ದಲ್ಲ. ಅಳಿಯಸಂತಾನದ ಕುಟುಂಬಗಳಲ್ಲಿ ಹೆಣ್ಣಿಗೆ ತವರಿನಲ್ಲಿ ಹುಟ್ಟಿನಿಂದಲೇ ಬಂದ ಹಕ್ಕಿತ್ತು. ಅದು ನಿಜವಾದ ಲಾಭ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ವಿಭಾಗಕ್ಕೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಮೃತರ ಪಾಲು ಆ ಕಾಯಿದೆಯ ಕ್ರಮದಲ್ಲಿ ವಾರಸುದಾರರಿಗೆ ಇಳಿಯುವಂತೆ ವಿಧಿಸಿ ಹಳೆಯ ಕಟ್ಟನ್ನು ಸಡಿಲಿಸಿತು. ಉಳಿದ ಕುಟುಂಬಗಳ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದುದು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಈ ಹಕ್ಕುಗಳನ್ನು ತಂದುದು ಕಾಯಿದೆ. ಅವುಗಳಿಗೆ ಸುವರ್ಣಯುಗವೊಂದರ ಸಾಕ್ಷಿ ಬೇಕಾಗಲಿಲ್ಲ. ಸ್ತ್ರೀಯ ಅಧಿಕಾರವನ್ನು ಆದಿಯುಗದ ಕಥೆಯ ಮೇಲೆ ನಿಲ್ಲಿಸಿದರೆ, ಆ ಕಥೆ ಬಿದ್ದ ದಿನ ಅಧಿಕಾರವೂ ಬೀಳುವ ಭಯವುಂಟು. ಮೆಣಸಿನ ರಾಣಿಯನ್ನು ದೇವಿಯ ಪ್ರತಿನಿಧಿಯನ್ನಾಗಿ ಮಾಡುವುದರಿಂದ ಆಕೆಯ ಹಿರಿಮೆ ಹೆಚ್ಚುವುದಿಲ್ಲ. ರೇವು, ಸುಂಕ, ಸಂಧಿ, ಯುದ್ಧಗಳನ್ನು ಐದು ದಶಕಗಳ ಕಾಲ ನಿರ್ವಹಿಸಿದ ಅರಸಿಯೆಂದು ಆಕೆಯನ್ನು ಅರಿಯುವುದೇ ಇತಿಹಾಸಕ್ಕೂ ಆಕೆಗೂ ಸಲ್ಲಿಸುವ ನ್ಯಾಯ.