ಮನೆಗೆ ಮರಳಿದ ಮೇಲೆ

ತಮಗೆ ತಾವೇ ಹಾನಿ ಮಾಡಿಕೊಂಡು ಆಸ್ಪತ್ರೆ ಸೇರಿದವರು ಮನೆಗೆ ಮರಳಿದೊಡನೆ ಗಂಡಾಂತರ ಕಳೆಯಿತೆಂದು ನಾವು ಸುಮ್ಮನಾಗುತ್ತೇವೆ. ಆದರೆ ಅವರಿಗೆ ನಮ್ಮ ಆಸರೆ ಬೇಕಾಗುವುದು ಆಗಲೇ.

ಚೆನ್ನೈ, ಕೊಲಂಬೊ ಸೇರಿದಂತೆ ಐದು ದೇಶಗಳ ಕೇಂದ್ರಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಂತಹ 1,867 ಮಂದಿಯನ್ನು ಕುರಿತು ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. 18 ತಿಂಗಳಲ್ಲಿ, ವಾಡಿಕೆಯ ಚಿಕಿತ್ಸೆಯನ್ನಷ್ಟೇ ಪಡೆದವರಲ್ಲಿ ಶೇಕಡಾ 2.2ರಷ್ಟು ಮಂದಿ ಆತ್ಮಹತ್ಯೆಯಿಂದ ಅಸುನೀಗಿದ್ದರು. ಅದರೊಂದಿಗೆ ಒಂದು ಗಂಟೆಯ ಆಪ್ತ ಮಾತುಕತೆ, ಬಳಿಕ ಒಂಬತ್ತು ಬಾರಿ ಭೇಟಿ ಇಲ್ಲವೆ ದೂರವಾಣಿ ಕರೆಯ ಏರ್ಪಾಡು ಇದ್ದವರಲ್ಲಿ ಶೇಕಡಾ 0.2 ಮಾತ್ರ. ಎರಡೂ ಗುಂಪುಗಳಲ್ಲಿ ಬಹುಪಾಲು ಮಂದಿ ಬದುಕುಳಿದರೆಂಬುದು ಭರವಸೆಯ ಸಂಗತಿ.

ಹೀಗೆ ಮರಳಿದವರು ನಮ್ಮ ನೆರೆಯಲ್ಲಿದ್ದರೆ ‘ಏಕೆ ಹೀಗೆ ಮಾಡಿದೆ?’ ಎಂಬ ವಿಚಾರಣೆ ಬೇಡ. ‘ಊಟವಾಯಿತೇ?’ ಎಂದು ಕೇಳಲು ಹೋಗೋಣ; ಮುಂದಿನ ವಾರವೂ ಹೋಗೋಣ. ಸಂಕಟ ಮಿತಿಮೀರಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ.