ಕವಡೆ ಕಣ್ಣಿಗೆ ಕಾಣಬೇಕು

ಕಲಾದಗಿ ಸೀಮೆಯ ಹಳೆಯ ಊರುಗಳಲ್ಲಿ ಗುಡಿಯ ಕಟ್ಟೆಯ ಮೇಲೋ, ಅಗಸಿಯ ಬದಿಯ ಹಾಸುಗಲ್ಲಿನ ಮೇಲೋ, ಉಳಿಯಿಂದ ಗೀರಿದ ಇಪ್ಪತ್ತೈದು ಮನೆಗಳ ಒಂದು ಚೌಕ ಕಣ್ಣಿಗೆ ಬೀಳುವುದುಂಟು. ಹಳೆಯ ಮೈಸೂರಿನವರು ಚೌಕಾಬಾರವೆಂದು ಕರೆಯುವ ಆಟಕ್ಕೆ ನಮ್ಮ ಕಡೆಯಲ್ಲಿ ಚಕ್ಕಾ ಎಂದು ಹೆಸರು. ನಾಲ್ಕು ಕವಡೆ, ನಾಲ್ಕು ಜನ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆಗಳೆಲ್ಲ ಅಂಗಾತ ಬಿದ್ದರೆ ನಾಲ್ಕು. ಎಲ್ಲವೂ ಬೋರಲಾಗಿ ಬಿದ್ದರೆ ಎಂಟು. ಇಷ್ಟೇ ಅದರ ಶಾಸ್ತ್ರ. ಆದರೆ ಈ ಸರಳವಾದ ಆಟದಲ್ಲಿ ಒಂದು ದೊಡ್ಡ ಗುಣವಿದೆ. ಕವಡೆ ಎಲ್ಲರ ಕಣ್ಣೆದುರಿಗೆ ಬೀಳುತ್ತದೆ. ಎಸೆದವನು ನೋಡುತ್ತಾನೆ, ಎದುರಾಳಿ ನೋಡುತ್ತಾನೆ, ಆಟದಲ್ಲಿಲ್ಲದೆ ಸುಮ್ಮನೆ ಸುತ್ತ ಕುಳಿತ ನಾಲ್ಕು ಜನರೂ ನೋಡುತ್ತಾರೆ. ಒಬ್ಬನಿಗೇ ಮತ್ತೆ ಮತ್ತೆ ಎಂಟು ಬಿದ್ದರೆ ‘ಕವಡೆ ಬದಲಿಸಿರಿ’ ಎಂದು ಕೇಳುವ ಅಧಿಕಾರ ಎಲ್ಲರಿಗೂ ಉಂಟು.

ಈಗ ಅದೇ ಆಟ ಅಂಗೈಯಗಲದ ಮೊಬೈಲಿನೊಳಕ್ಕೆ ಸೇರಿದೆ. ಪರದೆಯ ಮೇಲೆ ದಾಳವು ಉರುಳುತ್ತದೆ, ಪುಟಿಯುತ್ತದೆ, ಸದ್ದನ್ನೂ ಮಾಡುತ್ತದೆ. ಆದರೆ ಉರುಳುವುದು ದಾಳವಲ್ಲ, ದಾಳದ ಚಿತ್ರ. ಎಷ್ಟು ಬೀಳಬೇಕೆಂಬುದನ್ನು ತಂತ್ರಾಂಶವು ಒಳಗೇ ನಿರ್ಧರಿಸಿ, ಬಳಿಕ ಆ ಚಿತ್ರವನ್ನು ನಮ್ಮ ಸಮಾಧಾನಕ್ಕಾಗಿ ತೋರಿಸುತ್ತದೆ. ಗಣಕದ ಆಟಗಳಿಂದ ಮಕ್ಕಳ ಕಣ್ಣು ಕೆಡುತ್ತದೆ, ಓದು ಕೆಡುತ್ತದೆ ಎಂಬ ದೂರುಗಳನ್ನು ನಾವು ದಿನವೂ ಕೇಳುತ್ತೇವೆ. ಅವು ನಿಜವಿರಬಹುದು. ಆದರೆ ಅವಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಕವಡೆ ಯಾರ ಕೈಯಲ್ಲಿದೆ? ಅದು ಬೀಳುವುದನ್ನು ಕಂಡವರು ಯಾರು?

ಇದು ಹೊಸ ಪ್ರಶ್ನೆಯೇನೂ ಅಲ್ಲ. ಮಹಾಭಾರತದ ಸಭಾಪರ್ವದಲ್ಲಿ ಪಣವೊಡ್ಡುವವನು ದುರ್ಯೋಧನ. ದಾಳ ಹಾಕುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬನು ಆಡುವುದು ಸರಿಯಾದ ಕ್ರಮವಲ್ಲವೆಂದು ಧರ್ಮರಾಯನೇ ಆಕ್ಷೇಪವೆತ್ತುತ್ತಾನೆ. ದೋಷವೆಲ್ಲಿದೆಯೆಂಬುದು ಆತನಿಗೆ ತಿಳಿಯದೆ ಇರಲಿಲ್ಲ. ತಿಳಿದೂ ಆಡಲು ಕುಳಿತನು. ಆ ಸಭೆಯಲ್ಲಿ ಬಿದ್ದ ಗರಗಳ ಫಲವನ್ನು ನಮ್ಮ ಸೀಮೆಯ ಮುಧೋಳದಲ್ಲಿ ಹುಟ್ಟಿದ ರನ್ನನು ಹತ್ತನೆಯ ಶತಮಾನದಲ್ಲಿ ತನ್ನ ‘ಗದಾಯುದ್ಧ’ದೊಳಗೆ ಸಿಂಹಾವಲೋಕನ ಕ್ರಮದಿಂದ ಹೇಳಿದ್ದಾನೆ. ಹೆಣಗಳ ನಡುವೆ ಒಬ್ಬಂಟಿಯಾಗಿ ನಡೆಯುವ ದುರ್ಯೋಧನನನ್ನು ಕಂಡಾಗ, ಈ ದಾರಿ ಜೂಜಿನ ಹಾಸಿನ ಅಂಚಿನಿಂದಲೇ ಮೊದಲಾಯಿತಷ್ಟೆ ಎಂದು ಓದುಗನಿಗೆ ನೆನಪಾಗದೆ ಇರದು.

ಹಿಂದಿನ ಶತಮಾನದಲ್ಲಿ ಕವಡೆಯು ಇನ್ನೂ ಒಂದು ಹೆಜ್ಜೆ ದೂರ ಸರಿಯಿತು. ಹುನಗುಂದ ಬಾಗಲಕೋಟೆಗಳ ಎರೆಯ ಹೊಲಗಳಿಗೆ ಪರಿಚಿತವಾದ ಹತ್ತಿಯೇ ಅದಕ್ಕೆ ಕಾರಣವಾದುದು ಒಂದು ವಿಚಿತ್ರ. ನ್ಯೂಯಾರ್ಕಿನ ಹತ್ತಿ ಪೇಟೆಯಲ್ಲಿ ವ್ಯಾಪಾರ ತೆರೆಯುವಾಗ ಇದ್ದ ಧಾರಣೆ ಮತ್ತು ಮುಚ್ಚುವಾಗ ಇದ್ದ ಧಾರಣೆ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದವು. ಆ ಅಂಕೆಗಳ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. ‘ಓಪನ್’ ಮತ್ತು ‘ಕ್ಲೋಸ್’ ಎಂಬೆರಡು ಮಾತುಗಳ ಮೊದಲಕ್ಷರಗಳಿಂದಲೇ ನಮ್ಮ ಊರುಗಳ ‘ಓಸಿ’ ಹುಟ್ಟಿತು. ದುರ್ವ್ಯಸನವೆಂಬುದು ನಿಜ; ಆದರೆ ಅದರೊಳಗೂ ಒಂದು ತರ್ಕವಿತ್ತು. ಏಳು ಸಮುದ್ರದಾಚೆಯ ಪೇಟೆಯ ಅಂಕೆಯನ್ನು ಇಲ್ಲಿಯ ಬುಕ್ಕಿ ತಿದ್ದಲಾರನೆಂಬ ನಂಬಿಕೆ ಅದು. 1961ರಲ್ಲಿ ಆ ಅಂಕೆಗಳು ಬರುವುದು ನಿಂತ ಬಳಿಕ ಚೀಟಿಗಳನ್ನು ಮಡಕೆಯಲ್ಲಿ ಹಾಕಿ ಎತ್ತುವ ಪದ್ಧತಿ ಮುಂಬಯಿಯಲ್ಲಿ ಬಂದಿತು. ಮಡಕೆಯಿಂದ ‘ಮಟಕಾ’ ಎಂಬ ಹೆಸರೂ ಬಂದಿತು. ಹೀಗೆ ಕಟ್ಟೆಯ ಕವಡೆ ಮುಂಬಯಿಯ ಮಡಕೆಯಾಯಿತು. ಮಡಕೆ ಈಗ ತಂತ್ರಾಂಶವಾಗಿದೆ. ಪ್ರತಿ ಹೆಜ್ಜೆಯಲ್ಲಿಯೂ ಆಡುವವನ ಕಣ್ಣಿಗೂ ಗರಕ್ಕೂ ನಡುವಣ ಅಂತರ ಹೆಚ್ಚಿತು.

ಗಣಕಯಂತ್ರವು ಹುಟ್ಟಿನಿಂದಲೇ ಇಂಥ ಗುಟ್ಟುಗಾರನಾಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. 1951ರಲ್ಲಿ ಲಂಡನ್ನಿನ ‘ಫೆಸ್ಟಿವಲ್ ಆಫ್ ಬ್ರಿಟನ್’ ಉತ್ಸವದಲ್ಲಿ ಫೆರಾಂಟಿ ಕಂಪನಿಯು ‘ನಿಮ್‌ರಾಡ್’ ಎಂಬ ಯಂತ್ರವನ್ನು ಪ್ರದರ್ಶಿಸಿತು. ಕಡ್ಡಿಗಳ ಗುಂಪಿನಿಂದ ಸರದಿಯಂತೆ ಕಡ್ಡಿಗಳನ್ನೆತ್ತುವ ‘ನಿಮ್’ ಎಂಬ ಆಟವನ್ನಾಡುವುದೊಂದೇ ಅದರ ಕೆಲಸ. ಯಂತ್ರ ಏನು ಲೆಕ್ಕ ಹಾಕುತ್ತಿದೆಯೆಂಬುದನ್ನು ಅದರ ಮುಖದ ಮೇಲಿನ ದೀಪಗಳು ತೋರುತ್ತಿದ್ದವು. ಅದರ ಗಣಿತವನ್ನು ವಿವರಿಸುವ ಪುಸ್ತಿಕೆಯೂ ಇತ್ತು. ಹನ್ನೊಂದು ವರ್ಷಗಳ ಬಳಿಕ, 1962ರಲ್ಲಿ, ಅಮೆರಿಕದ ಎಂ.ಐ.ಟಿ. ವಿದ್ಯಾಲಯದ ತರುಣರು ‘ಸ್ಪೇಸ್‌ವಾರ್’ ಎಂಬ ಆಟವನ್ನು ಬರೆದಾಗ ಅದರ ಲಿಪಿಯನ್ನು ಬಚ್ಚಿಡಲಿಲ್ಲ. ಕೇಳಿದವರಿಗೆ ಕೊಟ್ಟರು, ಪಡೆದವರು ತಿದ್ದಿ ಬೆಳೆಸಿದರು. ಆಟವು ಉದ್ಯಮವಾದ ಮೇಲೆ ದೀಪಗಳು ಆರಿದವು, ಪೆಟ್ಟಿಗೆ ಮುಚ್ಚಿತು.

ಮುಚ್ಚಿದ ಪೆಟ್ಟಿಗೆಯೊಳಗೆ ಕವಡೆ ಕೆಡುವುದಕ್ಕೆ ಮೂರು ದಾರಿಗಳುಂಟು. ಮೂರಕ್ಕೂ ಲೋಕದಲ್ಲಿ ನಿದರ್ಶನಗಳು ದೊರೆತಿವೆ.

ಮೊದಲನೆಯದು ಅಜಾಗ್ರತೆ. 52 ಎಲೆಗಳ ಇಸ್ಪೀಟಿನ ಕಟ್ಟನ್ನು ಎಷ್ಟು ವಿಧವಾಗಿ ಕಲಸಬಹುದೆಂದು ಲೆಕ್ಕ ಹಾಕಿದರೆ 68 ಅಂಕೆಗಳುಳ್ಳ ಸಂಖ್ಯೆಯೊಂದು ಬರುತ್ತದೆ. 1999ರಲ್ಲಿ ಅಂತರಜಾಲದ ಪೋಕರ್ ಆಟಕ್ಕೆ ತಂತ್ರಾಂಶ ಒದಗಿಸುತ್ತಿದ್ದ ಕಂಪನಿಯೊಂದು, ತನ್ನ ಆಟ ನ್ಯಾಯವಾದುದೆಂದು ತೋರಿಸುವುದಕ್ಕಾಗಿ, ಎಲೆ ಕಲಸುವ ಲಿಪಿಯನ್ನು ಪ್ರಕಟಿಸಿತು. ಅಮೆರಿಕದ ಕೆಲವು ತಂತ್ರಜ್ಞರು ಅದನ್ನು ಓದಿ ನೋಡಿದರು. ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡುಗಳು ಕಳೆದಿವೆಯೆಂಬ ಗಡಿಯಾರದ ಅಂಕೆಯೊಂದೇ ಆ ಕಲಸಾಟಕ್ಕೆ ಬೀಜವಾಗಿತ್ತು! ದಿನವೊಂದಕ್ಕೆ ಇರುವ ಮಿಲಿಸೆಕೆಂಡುಗಳು 8 ಕೋಟಿ 64 ಲಕ್ಷ ಮಾತ್ರ. ಆದುದರಿಂದ ಬರಬಹುದಾದ ಕಟ್ಟುಗಳೂ ಅಷ್ಟೇ. ಗಡಿಯಾರವನ್ನು ಹೊಂದಿಸಿಕೊಂಡರೆ ಅವು ಸುಮಾರು ಎರಡು ಲಕ್ಷಕ್ಕೆ ಇಳಿಯುತ್ತಿದ್ದವು. ಮೊದಲ ಐದು ಎಲೆಗಳನ್ನು ಕಂಡವನಿಗೆ ಉಳಿದ ಎಲೆಗಳೆಲ್ಲ ಬಯಲು. ಇಲ್ಲಿ ಯಾರೂ ವಂಚಿಸಬೇಕೆಂದು ಹೊರಟಿರಲಿಲ್ಲ. ಆದರೆ ಇನ್ನೂ ಮುಖ್ಯವಾದ ಮಾತೆಂದರೆ, ಲಿಪಿಯನ್ನು ತೆರೆದಿಟ್ಟುದರಿಂದಲೇ ದೋಷ ಸಿಕ್ಕಿತು. ಮುಚ್ಚಿಟ್ಟಿದ್ದರೆ ಅದು ಕಳ್ಳನೊಬ್ಬನಿಗೆ ಮಾತ್ರ ತಿಳಿದು ವರ್ಷಗಟ್ಟಲೆ ಉಳಿದಿರುತ್ತಿತ್ತು.

ಎರಡನೆಯದು ಕಳ್ಳಗಣ್ಣು. 2007ರಲ್ಲಿ ‘ಅಬ್ಸಲ್ಯೂಟ್ ಪೋಕರ್’ ಎಂಬ ಜಾಲತಾಣದಲ್ಲಿ ಒಬ್ಬ ಆಟಗಾರನು ಗೆಲ್ಲುವ ರೀತಿ ಅಸಹಜವೆಂದು ಉಳಿದವರಿಗೆ ಅನುಮಾನ ಬಂದಿತು. ಅವರು ಆಟದ ದಾಖಲೆಗಳನ್ನು ಸಾಲುಸಾಲಾಗಿ ಪರೀಕ್ಷಿಸಿದರು. ಒಳಗಿನವರಿಗೆ ಎದುರಾಳಿಗಳ ಎಲೆಗಳೆಲ್ಲ ಕಾಣುವಂಥ ಗುಪ್ತ ಕಿಂಡಿಯೊಂದು ಆ ತಂತ್ರಾಂಶದಲ್ಲಿದ್ದುದು ಹೊರಬಿದ್ದಿತು. ಅದನ್ನು ಕಂಡುಹಿಡಿದವರು ಅಧಿಕಾರಿಗಳಲ್ಲ, ಸೋತ ಆಟಗಾರರು.

ಮೂರನೆಯದು ಲೋಭ. ದಕ್ಷಿಣ ಕೊರಿಯದ ನೆಕ್ಸಾನ್ ಕಂಪನಿಯ ‘ಮೇಪಲ್‌ಸ್ಟೋರಿ’ ಎಂಬ ಆಟದಲ್ಲಿ ಹಣ ಕೊಟ್ಟು ಕೊಳ್ಳುವ ‘ಕ್ಯೂಬ್’ ಎಂಬ ಅದೃಷ್ಟದ ವಸ್ತುವೊಂದಿತ್ತು. ಒಳ್ಳೆಯ ಫಲ ಬೀಳುವ ಸಂಭವವನ್ನು ಕಂಪನಿಯು ಆಟಗಾರರಿಗೆ ತಿಳಿಸದೆ ತಗ್ಗಿಸಿತ್ತು. ಕೆಲವು ಫಲಗಳು ಎಂದಿಗೂ ಬೀಳದಂತೆ ಸೊನ್ನೆಗೇ ಇಳಿಸಿತ್ತು. ಇದನ್ನು ಕಂಡ ಆ ದೇಶದ ವ್ಯಾಪಾರ ನ್ಯಾಯ ಆಯೋಗವು 2024ರ ಜನವರಿಯಲ್ಲಿ ಸುಮಾರು 1,160 ಕೋಟಿ ವಾನ್ ದಂಡ ವಿಧಿಸಿತು. ಎಂಟು ಎಂದಿಗೂ ಬೀಳದ ಕವಡೆಯನ್ನು ಮಕ್ಕಳ ಕೈಗೆ ಕೊಟ್ಟು, ‘ಎಸೆಯಿರಿ, ಎಂಟು ಬಿದ್ದೀತು’ ಎಂದು ಆಸೆ ಹಚ್ಚಿದ ಹಾಗಾಯಿತಲ್ಲವೆ? ಶಕುನಿಯ ದಾಳಕ್ಕೂ ಇದಕ್ಕೂ ಎಷ್ಟು ಅಂತರ?

ನಮ್ಮ ಕಾಯಿದೆಗಳು ಈ ವಿಷಯದಲ್ಲಿ ಬಹಳ ಕಾಲ ಬೇರೊಂದು ಪ್ರಶ್ನೆಯನ್ನು ಕೇಳುತ್ತ ಬಂದವು: ಆಟವು ಕೌಶಲದ್ದೋ, ಅದೃಷ್ಟದ್ದೋ? ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1968ರಲ್ಲಿ ಹೇಳಿತು. ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ತನ್ನ ಪೋಲೀಸು ಕಾಯಿದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. ಬಳಿಕ 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯಿದೆಯೊಂದನ್ನು ಅಂಗೀಕರಿಸಿತು. ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಹಣ ಕಟ್ಟಿಸಿ ಆಡಿಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಗಳವರೆಗೆ ದಂಡ; ಆಡಿ ಸೋತವನಿಗೆ ಶಿಕ್ಷೆಯಿಲ್ಲ. ಸೋತವನನ್ನು ಅಪರಾಧಿಯೆಂದೆಣಿಸದೆ ಇದ್ದುದು ವಿವೇಕದ ಮಾತು. ಅದೂ ನ್ಯಾಯಾಲಯದ ಮೆಟ್ಟಿಲೇರಿತು.

ನಿಷೇಧವು ಬೇಡವೆಂದು ನಾವು ಹೇಳುವುದಿಲ್ಲ. ಕಣ್ಣಿಗೆ ಕಾಣುವ ಕವಡೆಯೂ ಎಷ್ಟೋ ಮನೆಗಳನ್ನು ಮುರಿದಿದೆ. ಪಂಚಮಿಯಲ್ಲಿ ಕೊಬ್ಬರಿ ಬಟ್ಟಲಿಗಾಗಿ ಲಿಂಬೆಹಣ್ಣೆಸೆಯುವ ಪಂದ್ಯದ ನಗೆ ಬೇರೆ, ಹೊಲ ಒತ್ತೆಯಿಟ್ಟು ಆಡುವವನ ಉರಿ ಬೇರೆ. ಗರವು ನ್ಯಾಯವಾಗಿ ಬಿದ್ದ ಮಾತ್ರಕ್ಕೆ ಜೂಜು ಒಳ್ಳೆಯದಾಗದು. ಆದರೆ ನಿಷೇಧದಿಂದ ಒಂದು ಬಗೆಯ ಆಟಕ್ಕೆ ಬೀಗ ಬೀಳಬಹುದೇ ಹೊರತು, ಕಾಣದ ಕವಡೆಯ ಪ್ರಶ್ನೆ ಬಗೆಹರಿಯದು. ಬಾಜಿಯೇ ಇಲ್ಲದ ಮಕ್ಕಳ ಆಟಗಳಲ್ಲಿಯೂ ಹಣ ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಗಳಿವೆ. ಚೀನವು 2017ರಲ್ಲಿ ಅಂಥ ಪೆಟ್ಟಿಗೆಯೊಳಗಿನ ವಸ್ತುಗಳ ಸಂಭವವನ್ನು ಬಹಿರಂಗಪಡಿಸಬೇಕೆಂದು ಕಟ್ಟುಮಾಡಿತು; ಬೆಲ್ಜಿಯಂ 2018ರಲ್ಲಿ ಕೆಲವನ್ನು ಜೂಜೆಂದೇ ತೀರ್ಮಾನಿಸಿತು.

ಉದ್ಯಮದವರು ಇದಕ್ಕೆ ಹೇಳುವ ಉತ್ತರ ಗೊತ್ತಿದ್ದುದೇ: ಒಳಗಿನ ರಚನೆಯನ್ನು ತೋರಿಸಿದರೆ ಕಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ. ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯುವ ಕೆಲವು ಉಪಾಯಗಳ ಮಟ್ಟಿಗೆ ಈ ಮಾತು ಸರಿಯಿರಬಹುದು. ಆದರೆ ಗರದ ಮಟ್ಟಿಗೆ ಇದು ನಿಲ್ಲದು. 1883ರಲ್ಲಿ, ಕಲಾದಗಿಯು ಇನ್ನೂ ಜಿಲ್ಲೆಯ ಹೆಸರಾಗಿದ್ದ ಕಾಲದಲ್ಲಿ, ಆಗಸ್ಟ್ ಕರ್ಕ್‌ಹಾಫ್ ಎಂಬ ವಿದ್ವಾಂಸನು ಗೂಢಲಿಪಿಯ ಕುರಿತು ಒಂದು ನಿಯಮ ಹೇಳಿದನು: ಯಂತ್ರದ ರಚನೆ ಶತ್ರುವಿನ ಕೈಗೆ ಸಿಕ್ಕರೂ ಗುಟ್ಟು ಕೆಡಬಾರದು, ಬೀಗದ ಭದ್ರತೆ ಕೀಲಿಯಲ್ಲಿರಬೇಕೇ ಹೊರತು ಬೀಗದ ರಚನೆ ಯಾರಿಗೂ ತಿಳಿಯದೆಂಬ ನಂಬಿಕೆಯಲ್ಲಿರಬಾರದು. ತಂತ್ರಾಂಶದ ಭದ್ರತೆಯನ್ನು ಬಲ್ಲವರು ಇಂದಿಗೂ ಅದನ್ನೇ ಹಿಡಿದು ನಡೆಯುತ್ತಾರೆ.

ಅಷ್ಟೇ ಅಲ್ಲ, ಪರಸ್ಪರ ನಂಬದ ಇಬ್ಬರು ದೂರವಾಣಿಯಲ್ಲಿಯೇ ನಾಣ್ಯ ಚಿಮ್ಮುವುದು ಹೇಗೆಂಬುದನ್ನು ಮ್ಯಾನುಯೆಲ್ ಬ್ಲಮ್ ಎಂಬ ಗಣಿತಜ್ಞನು 1981ರಲ್ಲಿಯೇ ತೋರಿಸಿಕೊಟ್ಟನು. ಅದರ ತಿರುಳನ್ನು ಹೀಗೆ ತಿಳಿಯಬಹುದು. ಆಡಿಸುವವನು ತನ್ನ ಅಂಕೆಯನ್ನು ಲಕೋಟೆಯಲ್ಲಿಟ್ಟು, ಮುದ್ರೆಯೊತ್ತಿ ಆಡುವವನ ಕೈಗೆ ಕೊಡುತ್ತಾನೆ. ಆಮೇಲೆ ಆಡುವವನು ತನ್ನ ಅಂಕೆಯನ್ನು ಹೇಳುತ್ತಾನೆ. ಬಳಿಕ ಲಕೋಟೆ ಒಡೆದು ಎರಡನ್ನೂ ಕೂಡಿಸಿದರೆ ಬರುವುದೇ ಗರ. ಒಬ್ಬನೇ ಅದನ್ನು ನಿರ್ಧರಿಸಲಾರ. ಕೊಟ್ಟ ಮೇಲೆ ತಿದ್ದಲಾರ. ಲಕೋಟೆಯ ಮುದ್ರೆಯನ್ನು ಗಣಿತವೇ ಒತ್ತುತ್ತದೆ. ಎಂದಮೇಲೆ ಕವಡೆಯನ್ನು ಕಣ್ಣಿಗೆ ಕಾಣಿಸುವುದು ಅಸಾಧ್ಯವೆಂಬ ಮಾತಿಗೆ ಆಧಾರವಿಲ್ಲ. ಸಾಧ್ಯವಿದೆ, ಮಾಡೆಂದು ಗಟ್ಟಿಯಾಗಿ ಕೇಳುವವರಿಲ್ಲ.

ಕೇಳುವುದು ನಮಗೆ ಹೊಸದೇನಲ್ಲ. ಇಳಕಲ್ಲಿನ ಸೀರೆಯನ್ನು ಕೊಳ್ಳುವ ಹೆಂಗಸು ಬಣ್ಣಕ್ಕೆ ಮಾರುಹೋಗಿ ಹಣ ಎಣಿಸುವುದಿಲ್ಲ. ಸೆರಗನ್ನು ಬಿಡಿಸುತ್ತಾಳೆ, ಒಡಲಿನ ಹಾಸೂ ಸೆರಗಿನ ರೇಶಿಮೆಯ ಹಾಸೂ ಎಳೆಗೆ ಎಳೆ ಕೊಂಡಿ ಹಾಕಿಕೊಂಡಿರುವ ಜಾಗವನ್ನು ಬೆರಳಿಂದ ಮುಟ್ಟಿ, ತಿರುವಿ, ಹಿಂಬದಿಯನ್ನು ನೋಡುತ್ತಾಳೆ. ಕೈಮಗ್ಗದ ಮಾಲೋ, ನಕಲೋ ಎಂಬುದು ಅಲ್ಲಿ ತಿಳಿಯುತ್ತದೆ. ನೇಕಾರನು ಇದನ್ನು ಅವಮಾನವೆಂದು ಬಗೆಯುವುದಿಲ್ಲ. ತಾನೇ ತಿರುವಿ ತೋರಿಸುತ್ತಾನೆ. ಐದಾರು ಸಾವಿರದ ಸೀರೆಗೆ ಇರುವ ಈ ಹಕ್ಕು ಇಡೀ ಬಾಳನ್ನೇ ಒಳಗಿಟ್ಟುಕೊಳ್ಳುವ ತಂತ್ರಾಂಶಕ್ಕೆ ಏಕೆ ಬೇಡ?

ಬೇಕೆಂದು ಮನಸ್ಸು ಮಾಡಿದಾಗ ನಮ್ಮ ರಾಜ್ಯದಲ್ಲಿಯೇ ಇದು ಆದದ್ದೂ ಉಂಟು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದ ‘ಭೂಮಿ’ ಯೋಜನೆಯು 2000ದ ಬಳಿಕ ತಾಲ್ಲೂಕಿನಿಂದ ತಾಲ್ಲೂಕಿಗೆ ಹಬ್ಬಿತು. ಅದುವರೆಗೆ ಪಹಣಿ ಗ್ರಾಮ ಲೆಕ್ಕಿಗನ ಚೀಲದಲ್ಲಿತ್ತು. ಅವನ ಲೇಖನಿಯೇ ಕವಡೆ. ಹೊಸ ಏರ್ಪಾಡಿನಲ್ಲಿ ನೌಕರನು ಬೆರಳಚ್ಚು ಕೊಟ್ಟೇ ಗಣಕವನ್ನು ಪ್ರವೇಶಿಸಬೇಕಾಯಿತು. ಯಾವ ತಿದ್ದುಪಡಿ ಯಾರ ಕೈಯದೆಂಬುದು ದಾಖಲಾಯಿತು. ಬಂದ ಅರ್ಜಿಗಳನ್ನು ಸರದಿಯಂತೆಯೇ ತೆಗೆದುಕೊಳ್ಳಬೇಕಾಯಿತು. ಇವೆಲ್ಲಕ್ಕಿಂತ ನಮಗೆ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಕೌಂಟರಿನಲ್ಲಿ ನೌಕರನ ಎದುರಿಗಿದ್ದ ಪರದೆಯಲ್ಲದೆ ಇನ್ನೊಂದು ಪರದೆಯನ್ನು ರೈತನ ಕಡೆಗೆ ಮುಖ ಮಾಡಿ ಇಡಲಾಗಿತ್ತು. ತನ್ನ ಹೊಲದ ಮಾತು ಏನು ನಡೆಯುತ್ತಿದೆಯೆಂಬುದನ್ನು ಅವನು ನಿಂತಲ್ಲಿಂದಲೇ ನೋಡಬಹುದಾಗಿತ್ತು. ಆಲಮಟ್ಟಿಯ ಹಿನ್ನೀರಿಗೆ ಹೊಲಮನೆಗಳನ್ನು ಬಿಟ್ಟುಕೊಟ್ಟ ಬಾಗಲಕೋಟೆಯ ಸೀಮೆಯಲ್ಲಿ, ಪಹಣಿಯ ಒಂದು ಗೆರೆ ಎಷ್ಟು ತೂಕದ್ದೆಂಬುದನ್ನು ವಿವರಿಸಬೇಕಾಗಿಲ್ಲ. ‘ಭೂಮಿ’ ದೋಷವಿಲ್ಲದ್ದೆಂದು ಯಾರೂ ಹೇಳರು. ಆದರೆ ಆ ಎರಡನೆಯ ಪರದೆಯ ಹಿಂದಿದ್ದ ವಿಚಾರ ಸರಿಯಾದುದು.

ಬಾಗಲಕೋಟೆಯಲ್ಲಿ 1963ರಿಂದ ಇಂಜಿನಿಯರಿಂಗ್ ಕಾಲೇಜೊಂದಿದೆ. ಈ ನೆಲದಲ್ಲಿ ಓದಿದ ತರುಣ ತರುಣಿಯರು ಇಂದು ಬೆಂಗಳೂರಿನ ಕಚೇರಿಗಳಲ್ಲಿಯೂ ಕಡಲಾಚೆಯಲ್ಲಿಯೂ ಕುಳಿತು ಲೋಕದ ತಂತ್ರಾಂಶವನ್ನು ಬರೆಯುತ್ತಿದ್ದಾರೆ. ಆಟವಾಡುವವರ ಮನೆಯ ತಂದೆತಾಯಿಗಳು ಸಿಟ್ಟಿನಿಂದ ಮೊಬೈಲನ್ನು ಕಸಿದುಕೊಂಡರೆ ಅದು ಒಂದು ದಿನದ ಪರಿಹಾರ. ಬರೆಯುವವರು ‘ಈ ಗರವನ್ನು ಆಡುವವನು ಪರೀಕ್ಷಿಸುವಂತಿದೆಯೇ?’ ಎಂದು ತಮ್ಮ ಒಡೆಯರನ್ನು ಕೇಳುವುದು, ಕಾಯಿದೆ ಮಾಡುವವರು ಕೌಶಲವೋ ಅದೃಷ್ಟವೋ ಎಂಬ ಹಳೆಯ ಪ್ರಶ್ನೆಯ ಜೊತೆಗೆ ಈ ಪ್ರಶ್ನೆಯನ್ನೂ ಸೇರಿಸುವುದು, ಕೊಳ್ಳುವವರು ಸೀರೆಯ ಅಂಗಡಿಯಲ್ಲಿ ತೋರುವ ಎಚ್ಚರವನ್ನು ಇಲ್ಲಿಯೂ ತೋರುವುದು: ಬಾಳುವ ಪರಿಹಾರ ಇವುಗಳಿಂದ ಬಂದೀತು. ಉದ್ಯಮವು ಬೆಳೆಯಲಿ, ಆಟಗಳೂ ಇರಲಿ. ಮನುಷ್ಯನಿಗೆ ಆಟ ಬೇಡವೆಂದವರು ಯಾರು? ಆದರೆ ಆಡಿಸುವವನು ಕವಡೆಯನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ಎಣಿಕೆಯನ್ನು ಮಾತ್ರ ಹೇಳುತ್ತೇನೆಂದರೆ, ನಮ್ಮ ಕಟ್ಟೆಯ ಮೇಲೆ ಅಂಥವನೊಡನೆ ಯಾರೂ ಆಡಲು ಕೂಡುತ್ತಿರಲಿಲ್ಲ. ಆ ಶಿಷ್ಟಾಚಾರವನ್ನು ಬಿಟ್ಟುಕೊಡುವುದಕ್ಕೆ ಈಗಲೂ ಕಾರಣವಿಲ್ಲ.